ಪ್ರೊಜೆಕ್ಟರನ್ನು ಮಕ್ಕಳೇ ಜೋಡಿಸಲಿ



ನಿಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಇದೆಯೇ? ಇದ್ದರೆ ಅದು ಈಗ ಎಲ್ಲಿದೆ? ತರಗತಿಯ ಗೋಡೆಯ ಮೇಲೆ ಚಿತ್ರ ಮೂಡಿಸುತ್ತಿದೆಯೇ ಅಥವಾ ಅಲ್ಮೇರಾದೊಳಗೆ ಬಟ್ಟೆ ಹೊದ್ದು ಮಲಗಿದೆಯೇ? ಇನ್ನೊಂದು ಪ್ರಶ್ನೆ. ಅದನ್ನು ಕಂಪ್ಯೂಟರಿಗೆ ಜೋಡಿಸಲು ನಿಮಗೆ ಬರುತ್ತದೆಯೇ? ಮೂರನೆಯ ಪ್ರಶ್ನೆಗೆ ನಿಮ್ಮಲ್ಲಿ ಬಹಳಷ್ಟು ಮಂದಿಯ ಉತ್ತರ ‘ಇಲ್ಲ’ ಎಂದಾಗಿದ್ದರೆ, ಎರಡನೆಯ ಪ್ರಶ್ನೆಯ ಉತ್ತರ ‘ಅಲ್ಮೇರಾದಲ್ಲಿ’ ಎಂದೇ ಇರುತ್ತದೆ. ಇವೆರಡಕ್ಕೂ ಸಂಬಂಧವಿದೆ ಎಂದು ಹೇಳುವುದಕ್ಕೇ ಈ ಲೇಖನ.

ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ನಾನೊಮ್ಮೆ ಹೋಗಿದ್ದೆ. ಅಂದು ಮಕ್ಕಳಿಗೆ ಗ್ರಹಣದ ವಿಡಿಯೋ ತೋರಿಸುವುದಿತ್ತು. ಮೇಜು ಬಂತು, ಪ್ರೊಜೆಕ್ಟರ್ ಬಂತು, ಲ್ಯಾಪ್‌ಟಾಪ್ ಬಂತು. ಕಿಟಕಿಗಳಿಗೆ ಜಮಖಾನೆ ಕಟ್ಟಿದರು. ಸ್ವಿಚ್ ಹಾಕಿದಾಗ ಗೋಡೆಯ ಮೇಲೆ ನೀಲಿ ಬೆಳಕು ಬಿತ್ತು. ಚಿತ್ರ ಮಾತ್ರ ಬರಲಿಲ್ಲ. ಗುರುಗಳು ಕೇಬಲ್ ತೆಗೆದು ಮತ್ತೆ ಹಾಕಿದರು. ನಾನೂ ಕೈ ಹಚ್ಚಿದೆ. ಅರ್ಧ ಗಂಟೆ ಕಳೆಯಿತು. ಮಕ್ಕಳು ಆಕಳಿಸತೊಡಗಿದರು. ಕೊನೆಗೆ ಹಿಂದಿನ ಸಾಲಿನಿಂದ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಪ್ರೊಜೆಕ್ಟರ್ ಚಾಲೂ ಆಗೇದ್ರಿ. ಗೋಡೆ ಮ್ಯಾಲೂ ತೋರ್ಸು ಅಂತ ಲ್ಯಾಪ್‌ಟಾಪಿಗೆ ಹೇಳಬೇಕ್ರಿ.”

ಎಲ್ಲರೂ ನಕ್ಕರು. ಗುರುಗಳು ನಗಲಿಲ್ಲ. “ಬಾ ತಂಗಿ, ನೀನ ಹೇಳಿ ನೋಡು” ಎಂದು ಕರೆದರು. ಅವಳು ಬಂದು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಪರದೆಯ ಬದಿಯಲ್ಲಿ ನಾಲ್ಕು ಸಾಲುಗಳ ಪಟ್ಟಿ ಬಂತು. ಎರಡನೆಯದನ್ನು ಆರಿಸಿದಳು. ಗೋಡೆಯ ಮೇಲೆ ಸೂರ್ಯ ಮೂಡಿದ!

“ನಿನಗ ಹೆಂಗ ಗೊತ್ತವಾ?” ಎಂದು ಕೇಳಿದೆ. “ನಮ್ಮ ಕಾಕಾ ಲಗ್ನದಾಗ ವಿಡಿಯೋ ಹಚ್ಚತಾರ್ರಿ. ವೈರ್ ನಾನೂ ಜೋಡಸ್ತೀನ್ರಿ” ಎಂದಳು.

ಆ ಶಾಲೆಗೆ ಪ್ರೊಜೆಕ್ಟರ್ ಬಂದು ಬಹಳ ದಿನಗಳಾಗಿದ್ದವು. ಈ ಹುಡುಗಿಯೂ ಅಷ್ಟೂ ದಿನ ಅದೇ ಶಾಲೆಯಲ್ಲಿದ್ದಳು. ಆದರೆ ಅವಳು ಪ್ರೊಜೆಕ್ಟರನ್ನು ಮುಟ್ಟಿದ್ದು ಅಂದೇ ಮೊದಲು. ಮನೆಯ ಮದುವೆಯಲ್ಲಿ ಮುಟ್ಟಬಹುದಾದ ಯಂತ್ರವನ್ನು ಶಾಲೆಯಲ್ಲಿ ಮುಟ್ಟುವಂತಿರಲಿಲ್ಲ. ಕಲಿಯಲು ಇರುವ ಜಾಗವೇ ಶಾಲೆ ಅಲ್ಲವೇ? ನನ್ನ ಅಭಿಪ್ರಾಯ ಇದು: ಹಿರಿಯ ಪ್ರಾಥಮಿಕ ಶಾಲೆಯ ಪ್ರತಿಯೊಬ್ಬ ಮಗುವಿಗೂ ಪ್ರೊಜೆಕ್ಟರನ್ನು ಕಂಪ್ಯೂಟರಿಗೆ ಮತ್ತು ವಿಡಿಯೋ ಸಾಧನಗಳಿಗೆ ಜೋಡಿಸಲು ಕಲಿಸಬೇಕು. ನೋಡುವವರಾಗಿ ಮಾತ್ರ ಮಕ್ಕಳನ್ನು ಕೂರಿಸಬಾರದು.

ಪರದೆ ನಮಗೆ ಹೊಸದಲ್ಲ

ಪರದೆಯ ಮೇಲಿನ ಪಾಠ ನಮ್ಮ ಜಿಲ್ಲೆಗೆ ಈಚೆಗೆ ಬಂದದ್ದು ಎಂದು ನೀವು ತಿಳಿದಿರಬಹುದು. ಹಾಗಲ್ಲ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. 1975ರ ಆಗಸ್ಟ್ 1ರಂದು ನಮ್ಮ ದೇಶದಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ‘ಸೈಟ್’ ಎಂಬುದು ಅದರ ಚಿಕ್ಕ ಹೆಸರು. ಅಮೆರಿಕದ ಒಂದು ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ದೂರದರ್ಶನ ತಲುಪಿಸುವ ಪ್ರಯೋಗ ಅದು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಕಲಬುರಗಿ, ರಾಯಚೂರು ಮತ್ತು ನಮ್ಮ ಬಿಜಾಪುರ ಜಿಲ್ಲೆಗಳನ್ನು. ಆಗ ಬಿಜಾಪುರ ಎನ್ನುತ್ತಿದ್ದ ನಮ್ಮ ಜಿಲ್ಲೆಗೆ 2014ರಿಂದ ವಿಜಯಪುರ ಎಂಬ ಹೆಸರು.

ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಆ ಉಪಗ್ರಹದಿಂದ ಬಂದ ಸಂಕೇತವನ್ನು ಹಿಡಿಯಲು ಹಳ್ಳಿಗಳಲ್ಲಿ ಮೂರು ಮೀಟರ್ ಅಗಲದ ತಂತಿಬಲೆಯ ಆಂಟೆನಾ ನಿಲ್ಲಿಸಿದ್ದರು. ಕೋಳಿಗೂಡಿಗೆ ಹಾಕುವಂಥ ಬಲೆ ಅದು! ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮಗಳು. ವಿದ್ಯುತ್ ಇಲ್ಲದ ಕಡೆ ಬ್ಯಾಟರಿಯಿಂದ ಟಿವಿ ನಡೆಯುತ್ತಿತ್ತು. ಬೆಂಗಳೂರಿನ ಮನೆಗಳಲ್ಲಿ ಟಿವಿ ಇನ್ನೂ ಬಂದಿರದ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಯ ಮಕ್ಕಳು ಉಪಗ್ರಹದಿಂದ ಪಾಠ ನೋಡಿದ್ದರು ಎಂಬುದು ಹೆಮ್ಮೆಯ ವಿಷಯ.

ಆದರೆ ಸರಿಯಾಗಿ ಒಂದು ವರ್ಷಕ್ಕೆ, 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ಬೇರೆ ಕಡೆಗೆ ಒಯ್ದರು. ಮುಂದೆ 2004ರ ಸೆಪ್ಟೆಂಬರ್ 20ರಂದು ಇಸ್ರೋ ಸಂಸ್ಥೆ ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಎಂಬ ಉಪಗ್ರಹವನ್ನು ಹಾರಿಸಿತು. ಈ ಸಲ ರಾಜ್ಯದ ಇನ್ನೊಂದು ತುದಿಯಲ್ಲಿರುವ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಮೊದಲು ತಲುಪಿದವು. 2010ರಲ್ಲಿ ಆ ಉಪಗ್ರಹವೂ ನಿವೃತ್ತವಾಯಿತು.

ಇದರಿಂದ ನಾವು ಏನು ತಿಳಿಯಬೇಕು? ಯಂತ್ರಗಳು ಬರುತ್ತವೆ, ಹೋಗುತ್ತವೆ. ಟಿವಿ ಹೋಗಿ ಡಿವಿಡಿ ಬಂತು, ಡಿವಿಡಿ ಹೋಗಿ ಪ್ರೊಜೆಕ್ಟರ್ ಬಂತು. ಈಗ ಕೆಲವು ಶಾಲೆಗಳಿಗೆ ಗೋಡೆಯಗಲದ ಸ್ಮಾರ್ಟ್ ಟಿವಿ ಬರುತ್ತಿದೆ. ಇವು ಯಾವುವೂ ಶಾಶ್ವತವಲ್ಲ. ಆದರೆ ‘ಇದು ಹೇಗೆ ಕೆಲಸ ಮಾಡುತ್ತದೆ, ಕೆಲಸ ಮಾಡದಿದ್ದರೆ ಎಲ್ಲಿ ನೋಡಬೇಕು’ ಎಂದು ಕಲಿತ ಮಗು ಮಾತ್ರ ಮುಂದೆ ಯಾವ ಯಂತ್ರ ಬಂದರೂ ಹೆದರುವುದಿಲ್ಲ.

ಪೆಟ್ಟಿಗೆಯೊಳಗಿನ ವಿಜ್ಞಾನ

‘ವೈರ್ ಜೋಡಿಸುವುದರಲ್ಲಿ ವಿಜ್ಞಾನ ಎಲ್ಲಿದೆ? ಅದು ಮೆಕ್ಯಾನಿಕ್ ಕೆಲಸ’ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ನಿಮ್ಮ ಪಠ್ಯಪುಸ್ತಕದ ‘ಬೆಳಕು’ ಪಾಠ ಈ ಪೆಟ್ಟಿಗೆಯಲ್ಲಿದೆ.

ಒಂದು ಪೀನ ಮಸೂರ, ಅಂದರೆ ಅಕ್ಷರ ದೊಡ್ಡದಾಗಿ ಕಾಣಿಸುವ ಭೂತಗನ್ನಡಿ ತೆಗೆದುಕೊಳ್ಳಿ. ಕೊಠಡಿಯಲ್ಲಿ ಕಿಟಕಿಯ ಎದುರಿನ ಗೋಡೆಯ ಹತ್ತಿರ ನಿಂತು, ಒಂದು ಬಿಳಿ ಹಾಳೆಯ ಮುಂದೆ ಮಸೂರವನ್ನು ಹಿಡಿದು ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಒಂದು ಕಡೆ ಹೊರಗಿನ ಬೇವಿನ ಮರದ ಚಿತ್ರ ಹಾಳೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಅದೂ ತಲೆಕೆಳಗಾಗಿ! ಪರದೆಯ ಮೇಲೆ ಹಿಡಿಯಬಹುದಾದ ಇಂಥ ಬಿಂಬವನ್ನೇ ಸತ್ಯ ಪ್ರತಿಬಿಂಬ ಎನ್ನುತ್ತಾರೆ. ಪ್ರೊಜೆಕ್ಟರಿನ ಮಸೂರ ಮಾಡುವುದೂ ಇದನ್ನೇ. ಒಳಗಿರುವ ಚಿಕ್ಕ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸುತ್ತದೆ. ಮಸೂರದ ಸುತ್ತಲಿನ ಉಂಗುರವನ್ನು ತಿರುಗಿಸಿ ಚಿತ್ರವನ್ನು ಸ್ಪಷ್ಟಗೊಳಿಸುವಾಗ ನೀವು ಭೂತಗನ್ನಡಿಯನ್ನು ಹಿಂದೆ ಮುಂದೆ ಸರಿಸಿದ ಹಾಗೆಯೇ ಆಗುತ್ತದೆ.

ಒಳಗಿನ ಆ ಚಿಕ್ಕ ಚಿತ್ರ ಎಲ್ಲಿಂದ ಬಂತು? ಇದರಲ್ಲಿ ಮುಖ್ಯವಾಗಿ ಎರಡು ವಿಧ. ಎಲ್‌ಸಿಡಿ ಪ್ರೊಜೆಕ್ಟರಿನಲ್ಲಿ ಬೆಳಕು ಕೆಂಪು, ಹಸಿರು, ನೀಲಿ ಎಂದು ಮೂರು ಭಾಗವಾಗಿ ಮೂರು ಚಿಕ್ಕ ಪಾರಕ ಫಲಕಗಳ ಮೂಲಕ ಹಾದು ಮತ್ತೆ ಒಂದಾಗುತ್ತದೆ. ಡಿಎಲ್‌ಪಿ ಪ್ರೊಜೆಕ್ಟರಿನಲ್ಲಿ ಉಗುರಿನಷ್ಟು ಚಿಕ್ಕ ಫಲಕದ ಮೇಲೆ ಲಕ್ಷಾಂತರ ಕನ್ನಡಿಗಳಿರುತ್ತವೆ. ಒಂದೊಂದು ಕನ್ನಡಿಯೂ ನಿಮ್ಮ ಕೂದಲಿನ ದಪ್ಪಕ್ಕಿಂತ ಚಿಕ್ಕದು! ಅವು ಒಂದು ಸೆಕೆಂಡಿಗೆ ಸಾವಿರಾರು ಬಾರಿ ಆಚೆ ಈಚೆ ವಾಲುತ್ತವೆ. ಮಸೂರದ ಕಡೆಗೆ ವಾಲಿದರೆ ಗೋಡೆಯ ಮೇಲೆ ಬೆಳಕಿನ ಚುಕ್ಕೆ, ಬೇರೆ ಕಡೆಗೆ ವಾಲಿದರೆ ಕತ್ತಲೆಯ ಚುಕ್ಕೆ. ಅಮೆರಿಕದ ಲ್ಯಾರಿ ಹಾರ್ನ್‌ಬೆಕ್ ಎಂಬ ವಿಜ್ಞಾನಿ 1987ರಲ್ಲಿ ಇದನ್ನು ಕಂಡುಹಿಡಿದರು.

ಈ ಚುಕ್ಕೆಗಳಿಗೆ ಪಿಕ್ಸೆಲ್ ಎಂದು ಹೆಸರು. ಪೆಟ್ಟಿಗೆಯ ಮೇಲೆ 1024 × 768 ಎಂದು ಬರೆದಿದ್ದರೆ ಅಡ್ಡಲಾಗಿ 1024, ಉದ್ದಕ್ಕೆ 768 ಚುಕ್ಕೆಗಳು. ಗುಣಿಸಿ ನೋಡಿ: 7,86,432. ಇನ್ನು 1920 × 1080 ಎಂದಿದ್ದರೆ? ಉತ್ತರವನ್ನು ನಾನು ಹೇಳುವುದಿಲ್ಲ. 20 ಲಕ್ಷ ದಾಟುತ್ತದೆ ಎಂದಷ್ಟೇ ಹೇಳುತ್ತೇನೆ.

ಕೇಬಲ್‌ಗಳ ಪರಿಚಯ

ಪ್ರೊಜೆಕ್ಟರಿನ ಹಿಂಬದಿಯನ್ನು ನೋಡಿದರೆ ಹಲವು ಆಕಾರದ ರಂಧ್ರಗಳು ಕಾಣುತ್ತವೆ. ಮೂರನ್ನು ಗುರುತಿಸಿದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಮೊದಲನೆಯದು ವಿಜಿಎ. ಮೂರು ಸಾಲಿನಲ್ಲಿ 15 ತೂತುಗಳು, ಎರಡು ಬದಿಗೆ ಸ್ಕ್ರೂ. ಸಾಮಾನ್ಯವಾಗಿ ನೀಲಿ ಬಣ್ಣದ್ದು. ಹಳೆಯ ಕಂಪ್ಯೂಟರುಗಳಲ್ಲಿ ಇದೇ ಇರುತ್ತದೆ. ಇದು ಚಿತ್ರವನ್ನು ಮಾತ್ರ ಒಯ್ಯುತ್ತದೆ, ಧ್ವನಿಯನ್ನು ಒಯ್ಯುವುದಿಲ್ಲ. ಧ್ವನಿಗೆ ಬೇರೆ ತಂತಿಯಿಂದ ಸ್ಪೀಕರ್ ಜೋಡಿಸಬೇಕು. ‘ಚಿತ್ರ ಬರ್ತದ, ಮಾತು ಕೇಳ್ಸವಲ್ದು’ ಎಂಬ ದೂರಿಗೆ ಅನೇಕ ಸಲ ಇದೇ ಕಾರಣ.

ಎರಡನೆಯದು ಎಚ್‌ಡಿಎಂಐ. ಚಪ್ಪಟೆಯಾಗಿ, ಕೆಳಗಿನ ಎರಡು ಮೂಲೆಗಳನ್ನು ಕತ್ತರಿಸಿದ ಹಾಗೆ ಇರುತ್ತದೆ. ಹೊಸ ಲ್ಯಾಪ್‌ಟಾಪ್, ಸೆಟ್‌ಟಾಪ್ ಬಾಕ್ಸ್, ಕ್ಯಾಮೆರಾಗಳಲ್ಲಿ ಇದನ್ನು ಕಾಣಬಹುದು. ಚಿತ್ರ ಮತ್ತು ಧ್ವನಿ ಎರಡೂ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ಆಗ ಧ್ವನಿ ಪ್ರೊಜೆಕ್ಟರಿನ ಚಿಕ್ಕ ಸ್ಪೀಕರಿನಿಂದ ಬರಬಹುದು. ಅದು ಹಿಂದಿನ ಸಾಲಿಗೆ ಕೇಳಿಸದಿದ್ದರೆ ಬೇರೆ ಸ್ಪೀಕರ್ ಜೋಡಿಸಿ, ಧ್ವನಿ ಅದರಿಂದಲೇ ಬರುವಂತೆ ಕಂಪ್ಯೂಟರಿನಲ್ಲಿ ಆರಿಸಬೇಕು.

ಮೂರನೆಯದು ಹಳದಿ, ಬಿಳಿ, ಕೆಂಪು ಬಣ್ಣದ ಮೂರು ದುಂಡನೆಯ ಪಿನ್ನುಗಳು. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಡಿವಿಡಿ ಪ್ಲೇಯರ್ ಮತ್ತು ಹಳೆಯ ವಿಡಿಯೋ ಕ್ಯಾಮೆರಾಗಳಿಗೆ ಇದೇ ಬೇಕು.

ಹೊಸ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದು, ಹಳೆಯ ಪ್ರೊಜೆಕ್ಟರಿನಲ್ಲಿ ವಿಜಿಎ ಮಾತ್ರ ಇದ್ದರೆ? ಪಿನ್ನಿನ ಆಕಾರ ಬದಲಿಸಿದರೆ ಸಾಲದು. ವಿಜಿಎ ಸಂಕೇತ ಇಳಿಜಾರಿನಂತೆ ಏರುತ್ತದೆ, ಇಳಿಯುತ್ತದೆ. ಎಚ್‌ಡಿಎಂಐ ಸಂಕೇತ ಮೆಟ್ಟಿಲುಗಳಂತೆ ಎಣಿಸಬಹುದಾದ ಅಂಕಿಗಳಲ್ಲಿರುತ್ತದೆ. ಒಂದನ್ನು ಇನ್ನೊಂದಾಗಿ ಬದಲಿಸಲು ನಡುವೆ ಚಿಕ್ಕ ಪರಿವರ್ತಕ ಬೇಕು. ಮೊಬೈಲ್ ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಬೇಕಾದರೆ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ತೋರಿಸುವುದೇ ಸುಲಭ.

ಜೋಡಿಸುವ ಕ್ರಮ

ಒಂದು: ಪ್ರೊಜೆಕ್ಟರನ್ನು ಅಲುಗಾಡದ ಮೇಜಿನ ಮೇಲೆ, ಗೋಡೆಗೆ ನೇರವಾಗಿ ಇಡಿ. ಗಾಳಿ ಹೋಗುವ ಜಾಲರಿಗಳ ಮುಂದೆ ಪುಸ್ತಕ, ಬಟ್ಟೆ ಇರಬಾರದು.

ಎರಡು: ಮೊದಲು ಚಿತ್ರದ ಕೇಬಲ್ ಜೋಡಿಸಿ. ಪಿನ್ನು ಸುಲಭವಾಗಿ ಹೋಗದಿದ್ದರೆ ತಿರುಗಿಸಿ ನೋಡಿ. ಬಲವಂತ ಮಾಡಬೇಡಿ.

ಮೂರು: ಗೋಡೆಯ ಪ್ಲಗ್ಗನ್ನು ಗುರುಗಳು ಹಾಕಲಿ. ಮೊದಲು ಪ್ರೊಜೆಕ್ಟರ್, ನಂತರ ಕಂಪ್ಯೂಟರ್ ಚಾಲೂ ಮಾಡಿ.

ನಾಲ್ಕು: ಪ್ರೊಜೆಕ್ಟರಿನ ಮೇಲೆ ‘ಸೋರ್ಸ್’ ಅಥವಾ ‘ಇನ್‌ಪುಟ್’ ಎಂಬ ಗುಂಡಿ ಇರುತ್ತದೆ. ನೀವು ಯಾವ ರಂಧ್ರಕ್ಕೆ ಕೇಬಲ್ ಹಾಕಿದ್ದೀರೋ ಅದನ್ನು ಆರಿಸಿ.

ಐದು: ಚಿತ್ರ ಬರದಿದ್ದರೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯನ್ನು ಹಿಡಿದುಕೊಂಡು ‘ಪಿ’ ಕೀಲಿ ಒತ್ತಿ. ಎರಡೂ ಕಡೆ ಒಂದೇ ಚಿತ್ರ ತೋರಿಸುವ ಆಯ್ಕೆಯನ್ನು ಆರಿಸಿ. ಸಿಂದಗಿಯ ಹುಡುಗಿ ಮಾಡಿದ್ದು ಇದನ್ನೇ.

ಆರು: ಚಿತ್ರದ ಗಾತ್ರ ಮತ್ತು ಸ್ಪಷ್ಟತೆ ಹೊಂದಿಸಿ. ಪ್ರೊಜೆಕ್ಟರಿನ ಮೂತಿಯನ್ನು ಮೇಲಕ್ಕೆತ್ತಿದರೆ ಚಿತ್ರದ ಮೇಲ್ಭಾಗ ಅಗಲವಾಗಿ ಆಯತ ಹೋಗಿ ತ್ರಾಪಿಜ್ಯವಾಗುತ್ತದೆ. ಮೇಜನ್ನೇ ಎತ್ತರಿಸುವುದು ಅದಕ್ಕೆ ಒಳ್ಳೆಯ ಉಪಾಯ.

ಚಿತ್ರ ಮಸುಕಾಗಿದೆಯೇ? ಪ್ರೊಜೆಕ್ಟರನ್ನು ಗೋಡೆಯಿಂದ ಎರಡು ಪಟ್ಟು ದೂರ ಇಟ್ಟರೆ ಚಿತ್ರದ ಅಗಲವೂ ಎತ್ತರವೂ ಎರಡು ಪಟ್ಟಾಗುತ್ತವೆ. ಹಾಗಾದರೆ ವಿಸ್ತೀರ್ಣ? ನಾಲ್ಕು ಪಟ್ಟು. ಅಷ್ಟೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುವುದರಿಂದ ಹೊಳಪು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ರೊಟ್ಟಿಯನ್ನು ನಾಲ್ವರು ಹಂಚಿಕೊಂಡ ಹಾಗೆ. ನಮ್ಮ ಕಡೆಯ ಬಿಸಿಲಿಗೆ ಕೊಠಡಿ ಪೂರ್ತಿ ಕತ್ತಲಾಗುವುದು ಕಷ್ಟ. ಆದ್ದರಿಂದ ಗೋಡೆ ತುಂಬುವ ಮಸುಕು ಚಿತ್ರಕ್ಕಿಂತ ಚಿಕ್ಕದಾದ ಸ್ಪಷ್ಟ ಚಿತ್ರವೇ ಲೇಸು.

ಇಷ್ಟೆಲ್ಲ ಮಾಡಿದ ಮೇಲೂ ತೊಂದರೆ ಬಂದರೆ ಗಾಬರಿ ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಮೊದಲು ಕೇಬಲ್, ಆಮೇಲೆ ಸೋರ್ಸ್, ಆಮೇಲೆ ಲ್ಯಾಪ್‌ಟಾಪ್. ಎರಡನ್ನು ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತು ಎಂಬುದು ತಿಳಿಯುವುದೇ ಇಲ್ಲ. ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಅನುಸರಿಸುವುದೂ ಇದೇ ಕ್ರಮವನ್ನು. ಪುಸ್ತಕದಲ್ಲಿ ‘ವೈಜ್ಞಾನಿಕ ವಿಧಾನ’ ಎಂದು ಓದಿದ್ದು ಇಲ್ಲಿ ಕೈಗೆ ಸಿಗುತ್ತದೆ.

ಹಿರಿಯರ ಆತಂಕಗಳು

ಈಗ ಹಿರಿಯರ ಮಾತನ್ನೂ ಕೇಳೋಣ. ಅವರ ಆತಂಕಗಳು ಸುಳ್ಳಲ್ಲ.

‘ಬೆಲೆಬಾಳುವ ವಸ್ತು, ಮಕ್ಕಳು ಕೆಡಿಸಿದರೆ ಯಾರು ಹೊಣೆ?’ ಇದು ನಿಜವಾದ ಭಯ. ಲೆಕ್ಕ ಕೊಡಬೇಕಾದವರು ಮುಖ್ಯ ಗುರುಗಳು. ಆದರೆ ಪ್ರೊಜೆಕ್ಟರ್ ಕೆಡುವುದು ಯಾವುದರಿಂದ? ಧೂಳಿನಿಂದ, ಬಿಸಿಯಿಂದ, ಕೇಬಲನ್ನು ಹಿಡಿದು ಎಳೆಯುವುದರಿಂದ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಗಾಳಿ ಎದ್ದರೆ ಧೂಳು ಎಲ್ಲಿ ಹೋಗುವುದಿಲ್ಲ? ಗಾಳಿ ಸೋಸುವ ಜಾಲರಿಗೆ ಧೂಳು ಕಟ್ಟಿದರೆ ಯಂತ್ರ ಕಾದು ತಾನೇ ನಿಂತುಹೋಗುತ್ತದೆ. ದೀಪವಿರುವ ಪ್ರೊಜೆಕ್ಟರನ್ನು ಆರಿಸಿದ ಮೇಲೂ ಅದರ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಅದು ನಿಲ್ಲುವ ಮೊದಲೇ ಪ್ಲಗ್ ಕಿತ್ತರೆ ದೀಪದ ಆಯುಸ್ಸು ಕಡಿಮೆಯಾಗುತ್ತದೆ. ಇದನ್ನೆಲ್ಲ ತಿಳಿದ 20 ಮಕ್ಕಳು ಶಾಲೆಯಲ್ಲಿದ್ದರೆ ಯಂತ್ರಕ್ಕೆ 20 ಕಾವಲುಗಾರರು ಇದ್ದಂತೆ. ಅರಿಯದ ಕೈಯಿಂದ ಕೆಡುವ ಯಂತ್ರ ಕಲಿತ ಕೈಯಲ್ಲಿ ಉಳಿಯುತ್ತದೆ.

‘ಕರೆಂಟಿನ ಅಪಾಯ?’ ಇದು ಎಲ್ಲಕ್ಕಿಂತ ದೊಡ್ಡ ಮಾತು. ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಇರುತ್ತದೆ. ಅದು ಜೀವ ತೆಗೆಯಬಲ್ಲದು. ಆದ್ದರಿಂದ ಗಡಿ ಹಾಕಿಕೊಳ್ಳೋಣ. ಗೋಡೆಯ ಪ್ಲಗ್, ಎಕ್ಸ್‌ಟೆನ್ಷನ್ ಬೋರ್ಡ್ ಮತ್ತು ಮುಖ್ಯ ಸ್ವಿಚ್ ಗುರುಗಳವು. ಚಿತ್ರ ಮತ್ತು ಧ್ವನಿಯ ಕೇಬಲ್‌ಗಳು, ಗುಂಡಿಗಳು ಮಕ್ಕಳವು. ಒದ್ದೆ ಕೈ ಬೇಡ. ಬಾಯ್ದೆರೆದ ವೈರ್ ಕಂಡರೆ ಮುಟ್ಟದೆ ಹೇಳಬೇಕು. ನಡೆಯುವ ದಾರಿಯಲ್ಲಿ ವೈರ್ ಬಿಡಬಾರದು. ಬೆಳಕು ಬರುತ್ತಿರುವಾಗ ಮಸೂರದೊಳಗೆ ಇಣುಕಲೇಬಾರದು, ಕಣ್ಣಿಗೆ ಕೇಡು. ಪೆಟ್ಟಿಗೆಯ ಮುಚ್ಚಳ ಬಿಚ್ಚುವುದಂತೂ ಯಾರಿಗೂ ಬೇಡ.

‘ಕರೆಂಟಿನ ಬಿಲ್ಲು?’ ಲೆಕ್ಕ ಮಾಡೋಣ. ಪ್ರೊಜೆಕ್ಟರ್ 300 ವ್ಯಾಟ್, ಲ್ಯಾಪ್‌ಟಾಪ್ 60 ವ್ಯಾಟ್ ಎಂದಿಟ್ಟುಕೊಳ್ಳಿ. 45 ನಿಮಿಷದ ಒಂದು ಅವಧಿಗೆ 0.27 ಯೂನಿಟ್. ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೇ.

‘ಪಾಠಕ್ಕೇ ಸಮಯವಿಲ್ಲ, ಇದಕ್ಕೆಲ್ಲಿ?’ ಮೊದಲ ಸಲ ಅರ್ಧ ಗಂಟೆ ಬೇಕಾಗಬಹುದು. ಐದನೆಯ ಸಲಕ್ಕೆ ಐದು ನಿಮಿಷ ಸಾಕು. ನಾನು ಕಂಡ ಶಾಲೆಯಲ್ಲಿ ಇಬ್ಬರು ದೊಡ್ಡವರು ಕಳೆದ ಅರ್ಧ ಗಂಟೆಯನ್ನು ಆ ಹುಡುಗಿ ಮೊದಲೇ ಉಳಿಸಬಹುದಿತ್ತು.

ಯಾರ ಸರದಿ?

ಇನ್ನೊಂದು ಮಾತನ್ನು ಬಿಡುವಂತಿಲ್ಲ. ‘ಮಕ್ಕಳು ಜೋಡಿಸಲಿ’ ಎಂದ ಕೂಡಲೇ ಏನಾಗುತ್ತದೆ ನೋಡಿ. ತರಗತಿಯ ಒಬ್ಬ ಚುರುಕಿನ ಹುಡುಗ ಮುಂದೆ ಬರುತ್ತಾನೆ. ಮುಂದೆ ಪ್ರತಿ ಸಲವೂ ಅವನೇ ಬರುತ್ತಾನೆ. ಹುಡುಗಿಯರು ಕೊಠಡಿಯ ಕಸ ಹೊಡೆಯುತ್ತಾರೆ, ಹಿಂದಿನ ಸಾಲಿನವರು ಮೇಜು ಹೊರುತ್ತಾರೆ. ಇದು ಅಲ್ಮೇರಾದ ಬೀಗವನ್ನು ತೆಗೆದು ಇನ್ನೊಂದು ಬೀಗ ಹಾಕಿದಂತೆ.

ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಕೈಯ ಕೆಲಸ ಕೀಳಲ್ಲ, ಯಾವ ಕಾಯಕವೂ ಒಬ್ಬರ ಸ್ವತ್ತಲ್ಲ ಎಂಬ ಮಾತು ಈ ನೆಲದಲ್ಲಿ ಎಂದೋ ಬೇರೂರಿದೆ. ನಮ್ಮ ತರಗತಿಯಲ್ಲೂ ಅದು ಕಾಣಬೇಕಲ್ಲವೇ? ಆದ್ದರಿಂದ ಹಾಜರಿ ಪುಸ್ತಕದ ಕ್ರಮದಲ್ಲೇ ಸರದಿ ಹಚ್ಚಿ. ಒಂದು ಸಲಕ್ಕೆ ನಾಲ್ವರು: ಒಬ್ಬರು ಕೇಬಲ್‌ಗೆ, ಒಬ್ಬರು ಕಂಪ್ಯೂಟರಿಗೆ, ಒಬ್ಬರು ಧ್ವನಿಗೆ, ಒಬ್ಬರು ದಾಖಲೆ ಪುಸ್ತಕಕ್ಕೆ. ದಾಖಲೆಯಲ್ಲಿ ದಿನಾಂಕ, ಏನು ತೋರಿಸಿದೆವು, ಯಾವ ತೊಂದರೆ ಬಂತು, ಹೇಗೆ ಸರಿಯಾಯಿತು ಎಂದು ಬರೆಯಿರಿ. ಕೆಲಸ ಬಂದವರು ಬರದವರಿಗೆ ಕಲಿಸಲಿ, ಆದರೆ ಅವರ ಕೈಯಿಂದ ಕೇಬಲ್ ಕಸಿದುಕೊಳ್ಳಬಾರದು!

ಏನನ್ನು ತೋರಿಸೋಣ?

ಜೋಡಿಸಲು ಬಂದ ಮೇಲೆ ನೀವು ಬರಿಯ ನೋಡುಗರಲ್ಲ, ತೋರಿಸುವವರೂ ಹೌದು. ಇಂಡಿ ನಿಂಬೆಹಣ್ಣಿಗೆ ಹೆಸರಾದ ತಾಲ್ಲೂಕು. ನಿಂಬೆ ಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಒಂದು ಹುಳು ಇರುತ್ತದೆ, ನೋಡಿದ್ದೀರಾ? ಅದು ಬೆಳೆದು ಹಸಿರಾಗಿ, ಕೋಶ ಕಟ್ಟಿ, ಚಿಟ್ಟೆಯಾಗಿ ಹಾರಿಹೋಗುತ್ತದೆ. ಗುರುಗಳ ಫೋನಿನಲ್ಲಿ ದಿನಕ್ಕೊಂದು ಚಿತ್ರ ತೆಗೆದು, ಕೆಲವು ವಾರಗಳ ನಂತರ ಗೋಡೆಯ ಮೇಲೆ ಸಾಲಾಗಿ ತೋರಿಸಿ. ಮುದ್ದೇಬಿಹಾಳದ ಮಕ್ಕಳು ಜೋಳದ ರಾಶಿಯನ್ನು, ಕೃಷ್ಣೆಯ ದಂಡೆಯ ಹಕ್ಕಿಗಳನ್ನು ಚಿತ್ರಿಸಬಹುದು. ಆಲಮಟ್ಟಿ ಅಣೆಕಟ್ಟು ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು, ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ಪ್ರವಾಸಕ್ಕೆ ಹೋದಾಗ ಅದರ 26 ಗೇಟುಗಳ ಚಿತ್ರ ತೆಗೆದು ತಂದು, ಹೋಗಲಾಗದ ಗೆಳೆಯರಿಗೆ ತೋರಿಸಬಹುದು.

ಒಂದು ಎಚ್ಚರಿಕೆ. ಹೊಲಕ್ಕೆ ಹೋಗಿ ನೋಡಬಹುದಾದ ತೆನೆಯನ್ನು ಗೋಡೆಯ ಮೇಲೆ ನೋಡಿ ಸುಮ್ಮನಾಗಬೇಡಿ. ಕಣ್ಣಿಗೆ ಸಿಗದ ಗ್ರಹಣ, ಸೂಕ್ಷ್ಮಜೀವಿ, ಜ್ವಾಲಾಮುಖಿಗಳಿಗೆ ಪರದೆ ಬೇಕು. ಕೈಗೆ ಸಿಗುವುದನ್ನು ಕೈಯಲ್ಲೇ ಹಿಡಿದು ನೋಡಬೇಕು.

ದೀಪಕ್ಕೆ ಬಿಟ್ಟ ಹೊಲ

ಕೊನೆಯದಾಗಿ ಒಂದು ಹಳೆಯ ಸಂಗತಿ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಒಂದು ಶಾಸನ ಸಿಕ್ಕಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಅಲ್ಲಿ ಒಂದು ದೊಡ್ಡ ವಿದ್ಯಾಶಾಲೆ ಇತ್ತು, ಬೇರೆ ಬೇರೆ ಸೀಮೆಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಶಾಲೆಗಾಗಿ ಬಿಟ್ಟ ಭೂಮಿಯಲ್ಲಿ ಗುರುಗಳಿಗೆಂದು ಒಂದು ಪಾಲು ಇತ್ತು. ದೀಪಗಳಿಗೆಂದೇ ಇನ್ನೊಂದು ಪಾಲು ಇತ್ತು! ಸಾವಿರ ವರ್ಷಗಳ ಹಿಂದೆಯೇ ನಮ್ಮ ಸೀಮೆಯ ಜನ ಓದುವ ಜಾಗದಲ್ಲಿ ಬೆಳಕು ಇರಲೇಬೇಕೆಂದು ಅದಕ್ಕಾಗಿ ಹೊಲ ಬಿಟ್ಟುಕೊಟ್ಟಿದ್ದರು. ಆ ದೀಪಗಳನ್ನು ಅವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಲಾರರು.

ಇಂದಿನ ದೀಪ ಈ ಪ್ರೊಜೆಕ್ಟರ್. ಅದಕ್ಕೂ ಜನರ ಹಣವೇ ಖರ್ಚಾಗಿದೆ. ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಗುರುಗಳ ಬಳಿ ಹೋಗಿ, “ಸರ್, ಪ್ರೊಜೆಕ್ಟರ್ ಜೋಡಿಸೂದು ನಮಗೂ ಕಲಿಸ್ರಿ. ಪ್ಲಗ್ ನೀವು ಹಾಕ್ರಿ, ಉಳಿದದ್ದು ನಾವು ಮಾಡ್ತೀವ್ರಿ” ಎಂದು ಕೇಳಿ. ಅಕ್ಕೋರಿದ್ದರೆ ಅಕ್ಕೋರನ್ನು ಕೇಳಿ. ನಿಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಇಲ್ಲದಿದ್ದರೆ ಭೂತಗನ್ನಡಿಯ ಪ್ರಯೋಗ ಮಾಡಿ. ಹಾಳೆಯ ಮೇಲೆ ತಲೆಕೆಳಗಾದ ಬೇವಿನ ಮರವನ್ನು ಹಿಡಿದ ಮಗುವಿಗೆ ಪ್ರೊಜೆಕ್ಟರಿನ ಅರ್ಧ ಪಾಠ ಆಗಲೇ ಮುಗಿದಿರುತ್ತದೆ. ಉಳಿದರ್ಧ ಕೇಬಲ್ ಮಾತ್ರ.